ವಿಲ್ಸನ್ ಇವೋ ನೆಕ್ಸ್ಟ್, ಸೈಜ್ 6: ದೂರದಿಂದ ಎಸೆಯುವವರಿಗೆ ಹೇಳಿಮಾಡಿಸಿದ ಬ್ಯಾಸ್ಕೆಟ್‌ಬಾಲ್

2023ರ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ಮಹಿಳಾ ಟೂರ್ನಿಯಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯದ ವಿರುದ್ಧ ಐಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ 41 ಪಾಯಿಂಟ್, 12 ಅಸಿಸ್ಟ್ (ಜೊತೆಗಾರರ ಬುಟ್ಟಿಗೆ ನೆರವಾದ ಪಾಸ್), 10 ರೀಬೌಂಡ್ (ಗುರಿ ತಪ್ಪಿದ ಬಾಲನ್ನು ಹಿಡಿದದ್ದು) ಗಳಿಸಿದರು. ನಾಲ್ಕು ವರ್ಷದ ಕಾಲೇಜು ಆಟ ಮುಗಿಯುವಾಗ ಅವರ ಲೆಕ್ಕದಲ್ಲಿದ್ದದ್ದು 3,951 ಪಾಯಿಂಟ್; ಅದರಲ್ಲಿ 548 ತ್ರೀ-ಪಾಯಿಂಟರ್‌ಗಳು, ಅಂದರೆ ದೂರದ ಗೆರೆಯಾಚೆಯಿಂದ ಹಾಕಿದ ಮೂರು ಪಾಯಿಂಟಿನ ಬುಟ್ಟಿಗಳು. ಆ ಟೂರ್ನಿಯ ಅಧಿಕೃತ ಬಾಲ್ ಇದೇ.

ಹೊದಿಕೆ ಮೈಕ್ರೋಫೈಬರ್, ಒಳಪದರ ಮೆತ್ತಗೆ. ಬೆರಳ ತುದಿಗೆ ಹಿಡಿತ ಚೆನ್ನಾಗಿ ಸಿಗುವುದರಿಂದ ಮಣಿಕಟ್ಟಿನಿಂದಲೇ ಹಿಮ್ಮುಖ ತಿರುಗು ಕೊಡಬಹುದು. 6.75 ಮೀಟರ್ ದೂರದ ತ್ರೀ-ಪಾಯಿಂಟ್ ಗೆರೆಯಿಂದ ಎಸೆಯುವಾಗ ಇದರ ಬೆಲೆ ಗೊತ್ತಾಗುತ್ತದೆ. ನಮ್ಮಲ್ಲಿ ನಡೆಯುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದ ಆಟದಲ್ಲೂ ಗೆರೆ ಅಷ್ಟೇ ದೂರ, ಮಹಿಳೆಯರಿಗೆ ಸೈಜೂ 6. ಆದರೆ ಮೋಲ್ಟನ್ ಕಂಪನಿಯ, ಹೊದಿಕೆಯಲ್ಲಿ 12 ಪಟ್ಟಿ ಇರುವ ಬಾಲ್‌ನಲ್ಲಿ ಪಂದ್ಯ ಆಡುವವರು ಇದರ 8 ಪಟ್ಟಿಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಪಟ್ಟಿಗಳ ನಡುವಿನ ಗೀರು ಬೆರಳಿಗೆ ಸಿಗುವ ಜಾಗ ಬೇರೆ.

ಸೈಜ್ ವಿಷಯದಲ್ಲಿ ರಾಜಿ ಬೇಡವೇ ಬೇಡ. ಅಂಗಡಿಯಲ್ಲಿ ಕೇಳದಿದ್ದರೆ ಕೈಗೆ ಬರುವುದು ಸಾಮಾನ್ಯವಾಗಿ ಪುರುಷರ ಸೈಜ್ 7. ಸೈಜ್ 6ರ ಸುತ್ತಳತೆ ಸುಮಾರು 72.4 ಸೆಂ.ಮೀ., ತೂಕ 510ರಿಂದ 567 ಗ್ರಾಂ. ದೊಡ್ಡ ಬಾಲ್‌ನಲ್ಲಿ ಕಲಿಯುವ ಹುಡುಗಿಯರು ದೂರ ಮುಟ್ಟಿಸಲು ಎರಡೂ ಕೈಯಿಂದ ಎದೆಯ ಬಳಿಯಿಂದ ತಳ್ಳುತ್ತಾರೆ, ಮೊಣಕೈ ಹೊರಗೆ ಹೋಗುತ್ತದೆ. ಆ ಅಭ್ಯಾಸ ಬಿಡಿಸುವುದು ಕೋಚ್‌ಗಳಿಗೆ ವರ್ಷಗಟ್ಟಲೆ ಕೆಲಸ.

ಗಾಳಿಯನ್ನು ವಾಲ್ವ್ ಪಕ್ಕದಲ್ಲಿ ಮುದ್ರಿಸಿದಷ್ಟೇ ತುಂಬಿ. ಸಾಮಾನ್ಯವಾಗಿ 7ರಿಂದ 9 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಹೆಚ್ಚಾದರೆ ಬಾಲ್ ರಿಂಗ್‌ಗೆ ಬಡಿದು ದೂರ ಚಿಮ್ಮುತ್ತದೆ, ಮೆತ್ತನೆಯ ಗುಣವೂ ಹೋಗುತ್ತದೆ. ಕಡಿಮೆಯಾದರೆ ಡ್ರಿಬಲ್ ಮೇಲೇಳುವುದಿಲ್ಲ. ಗೇಜ್ ಇಲ್ಲದಿದ್ದರೆ ಭುಜದೆತ್ತರದಿಂದ ಬಿಡಿ: ಸೊಂಟದ ತನಕ ಎದ್ದರೆ ಸಾಕು. ಪಂಪಿನ ಸೂಜಿಯನ್ನು ಒದ್ದೆ ಮಾಡಿ ನೆಟ್ಟಗೆ ತೂರಿಸಿ. ಒಣ ಸೂಜಿಯನ್ನು ಓರೆಯಾಗಿ ಚುಚ್ಚಿದರೆ ವಾಲ್ವ್‌ನ ರಬ್ಬರ್ ಹರಿದು, ದಿನಾ ಗಾಳಿ ಇಳಿಯತೊಡಗುತ್ತದೆ.

ದೊಡ್ಡ ಕೊರತೆ ಒಂದೇ: ಇದು ಒಳಾಂಗಣಕ್ಕೆ ಮಾತ್ರ. ನಮ್ಮ ಬಹುತೇಕ ಶಾಲಾ-ಕಾಲೇಜುಗಳ ಸಿಮೆಂಟ್ ಕೋರ್ಟಿನಲ್ಲಿ ಮೊದಲು ಧೂಳು ಹೊದಿಕೆಯ ಸಂದುಗಳಲ್ಲಿ ಕೂರುತ್ತದೆ, ಆಮೇಲೆ ಹಿಡಿತ ಕೊಡುವ ಸಣ್ಣ ಗುಬುಟುಗಳು ಸವೆದು ಬಾಲ್ ಜಾರತೊಡಗುತ್ತದೆ. ಒಮ್ಮೆ ನುಣುಪಾದ ಹೊದಿಕೆಗೆ ರಿಪೇರಿ ಇಲ್ಲ. ಮರದ ನೆಲದಲ್ಲಿ ಆಡುವವರು ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿದರೆ ಸಾಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಮೇಲೆ ಕೂರಲೂಬೇಡಿ.

ಒಳಾಂಗಣದಲ್ಲಿ ನಿಯಮಿತವಾಗಿ ಆಡುವ ಹುಡುಗಿಗೆ ಕಣ್ಣುಮುಚ್ಚಿ ಕೊಡಿಸಬಹುದು. ಸಿಮೆಂಟೇ ಗತಿ ಎನ್ನುವವರು ಇದರ ಮೇಲೆ ದುಡ್ಡು ಸುರಿಯದೆ ಸೈಜ್ 6ರ ಒಳ್ಳೆಯ ರಬ್ಬರ್ ಬಾಲ್ ತೆಗೆದುಕೊಳ್ಳಲಿ.