ಆಪ್ಟ್ ಜೊತೆ ಎಂಟು ವರ್ಷ: ಲಾಕ್ ಎರರ್ ಬಂದರೆ ಆ ಫೈಲ್ ಅಳಿಸಬೇಡಿ

ಲಿನಕ್ಸ್‌ನ ಉಬುಂಟು, ಡೆಬಿಯನ್ ಎರಡೂ ಸೇರಿಸಿ ಬಳಸಲು ಶುರುಮಾಡಿ ಎಂಟು ವರ್ಷವಾಯಿತು. ಅವುಗಳಲ್ಲಿ ಸಾಫ್ಟ್‌ವೇರ್ ಹಾಕುವ, ಅಪ್‌ಡೇಟ್ ಮಾಡುವ ಆಪ್ಟ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಆ ಒಂದು ಅಂಕ ಲಾಕ್ ಎರರ್‌ದು (ಎರಡು ಪ್ರೋಗ್ರಾಂ ಒಟ್ಟಿಗೆ ಇನ್‌ಸ್ಟಾಲ್ ಮಾಡದಂತೆ ಹಾಕುವ ಬೀಗ ಸಿಗಲಿಲ್ಲ ಅನ್ನುವ ದೂರು), ಅದರಲ್ಲೂ ಅರ್ಧ ತಪ್ಪು ನನ್ನದೇ.

ಕಥೆ ನಿಮಗೂ ಗೊತ್ತಿರುತ್ತದೆ. ಕಂಪ್ಯೂಟರ್ ಆನ್ ಮಾಡಿ, ಟರ್ಮಿನಲ್ ತೆರೆದು, ಯಾವುದೋ ಸಣ್ಣ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟು) ಬೇಕು ಅಂತ ಕಮಾಂಡ್ ಕೊಡುತ್ತೀರಿ. "ಕುಡ್ ನಾಟ್ ಗೆಟ್ ಲಾಕ್" ಅಂತ ಬಂದು ನಿಲ್ಲುತ್ತದೆ. ಜೊತೆಗೆ /ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟೆಂಡ್ ಅಂತ ಒಂದು ಫೈಲ್ ಹೆಸರು. ಆ ಫೈಲ್ ಅಳಿಸಿಬಿಡಿ ಅಂತ ಸಲಹೆ ಕೊಡುವವರೂ ಇದ್ದಾರೆ. ಹೆಸರು ಕಣ್ಣಿಗೆ ಬಿದ್ದ ಮೇಲೆ ಕೈ ಸುಮ್ನೆ ಇರುತ್ತದಾ? ಆರ್‌ಎಂ ಕೊಟ್ಟು ಅಳಿಸುತ್ತಿದ್ದೆ. ಮೊದಲ ವರ್ಷದಲ್ಲಿ ಎಷ್ಟು ಸಲ ಹೀಗೆ ಮಾಡಿದೆನೋ ಲೆಕ್ಕವಿಲ್ಲ. ಏನೂ ಆಗಲಿಲ್ಲ, ಹಾಗಾಗಿ ಇದೇ ಮದ್ದು ಅಂದುಕೊಂಡೆ.

ಒಂದು ದಿನ ಮಾತ್ರ ಎಡವಟ್ಟಾಯಿತು. ಹಿನ್ನೆಲೆಯಲ್ಲಿ ಅಪ್‌ಡೇಟ್ ನಿಜವಾಗಲೂ ಓಡುತ್ತಿತ್ತು, ನಾನು ಫೈಲ್ ಅಳಿಸಿ ಇನ್ನೊಂದು ಇನ್‌ಸ್ಟಾಲ್ ಶುರುಮಾಡಿದೆ, ಎರಡೂ ಒಂದೇ ಡೇಟಾಬೇಸ್‌ಗೆ ಬರೆದವು. ಕೊನೆಗೆ ನೋಡಿದರೆ ಕೆಲವು ಪ್ಯಾಕೇಜ್ ಅರ್ಧಕ್ಕೆ ನಿಂತಿವೆ, ಕೆಲವು ಡಿಸ್ಕ್‌ನಲ್ಲಿ ಇದ್ದರೂ ಪಟ್ಟಿಯಲ್ಲಿ ಇಲ್ಲ. /ವಾರ್/ಬ್ಯಾಕಪ್ಸ್ ಒಳಗೆ ಡಿಪಿಕೆಜಿ (ಆಪ್ಟ್‌ನ ಕೆಳಗೆ ಇನ್‌ಸ್ಟಾಲ್ ಕೆಲಸ ಮಾಡುವ ಪ್ರೋಗ್ರಾಂ) ಸ್ಟೇಟಸ್ ಫೈಲ್‌ನ, ಅಂದರೆ ಆ ಪಟ್ಟಿಯ, ಹಳೆಯ ಪ್ರತಿಗಳು ಇರುತ್ತವೆ ಅನ್ನುವುದು ಅವತ್ತೇ ನನಗೆ ತಿಳಿದದ್ದು. ಅದನ್ನು ಹಿಡಿದು ರಿಪೇರಿ ಮಾಡುವಷ್ಟರಲ್ಲಿ ಇಡೀ ರಾತ್ರಿ ಹೋಯಿತು.

ವಿಷಯ ಇಷ್ಟೇ. ಡೆಬಿಯನ್ ಬಳಗದಲ್ಲಿ ಆ ಫೈಲ್ ಲಾಕ್ ಅಲ್ಲ. ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ, ಏನೂ ಓಡದಿದ್ದಾಗಲೂ. ಲಾಕ್ ಇರುವುದು ಸಿಸ್ಟಂನ ತಿರುಳಾದ ಕರ್ನಲ್ ಹತ್ತಿರ, ಅದನ್ನು ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಹಿಡಿದುಕೊಂಡಿರುತ್ತದೆ. ಆ ಪ್ರೋಸೆಸ್ ಮುಗಿದರೆ ಅಥವಾ ಸತ್ತರೆ ಲಾಕ್ ತಾನಾಗಿ ಬಿಡುತ್ತದೆ. ಫೈಲ್ ಅಳಿಸಿದರೆ ಆಪ್ಟ್ ಹೊಸ ಫೈಲ್ ಮಾಡಿ ಅದರ ಮೇಲೆ ಹೊಸ ಲಾಕ್ ಹಾಕುತ್ತದೆ, ಹಳೆಯ ಪ್ರೋಸೆಸ್ ಹಳೆಯ ಲಾಕ್ ಹಿಡಿದು ಕೆಲಸ ಮಾಡುತ್ತಲೇ ಇರುತ್ತದೆ. ಬಚ್ಚಲಲ್ಲಿ ಯಾರೋ ಚಿಲಕ ಹಾಕಿಕೊಂಡಿದ್ದರೆ ಬಾಗಿಲನ್ನೇ ಕಿತ್ತು ಬೇರೆ ಬಾಗಿಲು ಕೂರಿಸಿ, ಚಿಲಕ ಇಲ್ಲ ಅಂತ ಒಳಗೆ ಹೋದ ಹಾಗೆ.

ಹಾಗಾದರೆ ಫೈಲ್ ಅಳಿಸಿ ಅನ್ನುವ ಸಲಹೆ ಎಲ್ಲಿಂದ ಬಂತು? ಆರ್ಚ್ ಲಿನಕ್ಸ್‌ನಲ್ಲಿ ಆಪ್ಟ್ ಜಾಗದಲ್ಲಿರುವ ಪ್ಯಾಕ್‌ಮ್ಯಾನ್‌ನಲ್ಲಿ ಡಿಬಿ ಡಾಟ್ ಎಲ್‌ಸಿಕೆ ಅನ್ನುವ ಫೈಲ್ ಇದ್ದರೆ ಅದೇ ಲಾಕ್. ಕರೆಂಟ್ ಹೋಗಿ ಅದು ಉಳಿದುಬಿಟ್ಟರೆ, ಬೇರೆ ಪ್ಯಾಕ್‌ಮ್ಯಾನ್ ಓಡುತ್ತಿಲ್ಲ ಅಂತ ನೋಡಿಕೊಂಡು ಅಳಿಸುವುದು ಸರಿ. ಅಲ್ಲಿಯ ಮದ್ದನ್ನು ಇಲ್ಲಿಗೆ ಕೊಟ್ಟರೇನೋ ಅಂತ ನನ್ನ ಅನುಮಾನ.

ಈಗ ನಾನು ಮೊದಲು ನೋಡುವುದು ಎರರ್ ನಂಬರ್. 13 ಅಂದರೆ ಅಡ್ಮಿನ್ ಅನುಮತಿ ಕೊಡುವ ಸುಡೊ ಹಾಕುವುದು ಮರೆತಿದ್ದೀರಿ, ಅಷ್ಟೇ. 11 ಅಂದರೆ ಬೇರೆ ಯಾರೋ ಹಿಡಿದಿದ್ದಾರೆ. ಹೊಸ ಆವೃತ್ತಿಗಳು ಪ್ರೋಸೆಸ್ ನಂಬರ್ ಮತ್ತು ಹೆಸರನ್ನೂ ಅಲ್ಲೇ ಹೇಳುತ್ತವೆ, ಹಳೆಯದಾದರೆ ಸುಡೊ ಜೊತೆ ಎಲ್‌ಎಸ್‌ಓಎಫ್ ಅಥವಾ ಫ್ಯೂಸರ್‌ಗೆ ಆ ಫೈಲ್ ಹೆಸರು ಕೊಟ್ಟು ಕೇಳಬೇಕು. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಸಿಗುವ ಹೆಸರು ಅನ್‌ಅಟೆಂಡೆಡ್-ಅಪ್‌ಗ್ರೇಡ್, ತಾನಾಗಿ ಅಪ್‌ಡೇಟ್ ಹಾಕುವ ಪ್ರೋಗ್ರಾಂ. ಅದನ್ನು ಶುರುಮಾಡುವ ಆಪ್ಟ್-ಡೈಲಿ-ಅಪ್‌ಗ್ರೇಡ್ ಟೈಮರ್ ದಿನಕ್ಕೆ ಒಂದು ಸಲ ಓಡುತ್ತದೆ, ಆ ಹೊತ್ತಿಗೆ ಕಂಪ್ಯೂಟರ್ ಆಫ್ ಇದ್ದರೆ ಮುಂದಿನ ಸಲ ಆನ್ ಮಾಡಿದ ಮೇಲೆ ಬಾಕಿ ತೀರಿಸುತ್ತದೆ. ನಾವು ಅವಸರದಲ್ಲಿ ಇರುವಾಗಲೇ ಈ ಎರರ್ ಬರುವುದಕ್ಕೆ ಕಾರಣ ಇದೇ, ಶಾಪ ಅಲ್ಲ! ಹತ್ತು ನಿಮಿಷ ಕಾಯಿರಿ. ಅದು ಸೆಕ್ಯುರಿಟಿ ಅಪ್‌ಡೇಟ್, ಅದನ್ನು ಆಫ್ ಮಾಡಿ ಅಂತ ನಾನಂತೂ ಹೇಳುವುದಿಲ್ಲ.

ಕಾಯುವುದನ್ನು ಆಪ್ಟ್‌ಗೇ ಒಪ್ಪಿಸಬಹುದು. 2020ರ ನಂತರದ ಆವೃತ್ತಿಗಳಲ್ಲಿ ಡಿಪಿಕೆಜಿ ಲಾಕ್ ಟೈಮ್‌ಔಟ್ ಅನ್ನುವ ಸೆಟ್ಟಿಂಗ್ ಇದೆ, 300 ಕೊಟ್ಟರೆ ಐದು ನಿಮಿಷ ಕಾದು ನೋಡುತ್ತದೆ. ನನ್ನ ಸ್ಕ್ರಿಪ್ಟ್‌ಗಳಲ್ಲೆಲ್ಲ ಇದನ್ನು ಹಾಕಿದ್ದೇನೆ, ತುಂಬಾ ನೆಮ್ಮದಿ.

ಪ್ರೋಸೆಸ್ ನಿಜವಾಗಿ ಸಿಕ್ಕಿಹಾಕಿಕೊಂಡಿದ್ದರೆ ಅದನ್ನು ನಿಲ್ಲಿಸಲು ಮೊದಲು ಸಾಮಾನ್ಯ ಕಿಲ್ ಕೊಡಿ, ಬಲವಂತವಾಗಿ ಕೊಲ್ಲುವ ಮೈನಸ್ 9 ಕೊನೆಯ ಉಪಾಯ. ಆಮೇಲೆ ಡಿಪಿಕೆಜಿಗೆ ಕಾನ್ಫಿಗರ್ ಮೈನಸ್ ಎ ಕೊಟ್ಟು ಅರ್ಧಕ್ಕೆ ನಿಂತದ್ದನ್ನು ಮುಗಿಸಿಕೊಳ್ಳಿ, ಇನ್ನೂ ಗಲಾಟೆ ಮಾಡಿದರೆ ಆಪ್ಟ್‌ನ ಫಿಕ್ಸ್-ಬ್ರೋಕನ್. ಆದರೆ ಕಿಲ್ ಮಾಡುವ ಮುಂಚೆ ಬೇರೆ ಟರ್ಮಿನಲ್ ಕಿಟಕಿಗಳನ್ನೆಲ್ಲ ಒಂದು ಸಲ ನೋಡಿ. ಹಳೆಯ ಕಾನ್ಫಿಗ್ ಫೈಲ್ ಉಳಿಸಲಾ, ಹೊಸದು ಹಾಕಲಾ ಅಂತ ಕೇಳಿ ನಿಮ್ಮ ಉತ್ತರಕ್ಕೆ ಕಾಯುತ್ತಾ ಕೂತಿರಬಹುದು.

ನಾನು ಅತಿ ಹೆಚ್ಚು ಹುಡುಕಾಡಿದ ಲಾಕ್ ಕಳೆದ ವರ್ಷದ್ದು. ಟೈಮರ್ ಅಲ್ಲ, ಸಾಫ್ಟ್‌ವೇರ್ ಅಪ್‌ಡೇಟರ್ ಅಲ್ಲ, ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಕೊನೆಗೆ ಪ್ರೋಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಕೊಟ್ಟು ನೋಡಿದರೆ ಆ ಪ್ರೋಸೆಸ್ ಮುಂದೆ ಟಿ ಅಂತ ಇತ್ತು, ಅಂದರೆ ತಡೆದು ನಿಲ್ಲಿಸಿದ್ದು. ಬೆಳಗ್ಗೆ ಆಪ್ಟ್ ಓಡುತ್ತಿರುವಾಗ ಕೆಲಸ ರದ್ದು ಮಾಡುವ ಕಂಟ್ರೋಲ್ ಸಿ ಒತ್ತಿದೆ ಅಂದುಕೊಂಡು, ತಡೆದು ನಿಲ್ಲಿಸುವ ಕಂಟ್ರೋಲ್ ಝಡ್ ಒತ್ತಿದ್ದೆ. ಎಫ್‌ಜಿ ಅಂತ ಟೈಪ್ ಮಾಡಿದೆ, ಬಿಟ್ಟ ಜಾಗದಿಂದಲೇ ಮುಂದುವರಿದು ಎರಡು ನಿಮಿಷದಲ್ಲಿ ಮುಗಿಯಿತು.