ಪಿಎಸ್‌ಪಿಯಲ್ಲಿ ಮಿಡ್‌ನೈಟ್ ಕ್ಲಬ್ 3: ಹಲವು ಮಳೆಗಾಲಗಳ ಬಳಕೆಯ ನಂತರ

2005ರಲ್ಲಿ ಬಂದ ‘ಮಿಡ್‌ನೈಟ್ ಕ್ಲಬ್ 3: ಡಬ್ ಎಡಿಷನ್’ ಎಂಬ ಕಾರ್ ರೇಸಿಂಗ್ ಗೇಮನ್ನು ನಾನು ಕೈಯಲ್ಲಿ ಹಿಡಿದು ಆಡುವ ಸೋನಿ ಪಿಎಸ್‌ಪಿಯಲ್ಲಿ ಹಲವು ವರ್ಷಗಳಿಂದ ಆಡುತ್ತಿದ್ದೇನೆ. ಮಡಿಕೇರಿಯ ಸುತ್ತಮುತ್ತ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟು ಬಾರದಿರುವುದು ಹೊಸತೇನಲ್ಲ. ಟಿವಿಗೆ ಜೋಡಿಸುವ ಕನ್ಸೋಲ್ ಆಗ ನಿರುಪಯೋಗಿ. ಬ್ಯಾಟರಿಯಲ್ಲಿ ನಡೆಯುವ ಈ ಪುಟ್ಟ ಯಂತ್ರ ನಮ್ಮ ಮನೆಯಲ್ಲಿ ಇಷ್ಟು ಕಾಲ ಉಳಿದುಕೊಳ್ಳಲು ಅದು ಒಂದು ಕಾರಣ, ಈ ಗೇಮ್ ಇನ್ನೊಂದು.

ಸ್ಯಾನ್ ಡಿಯಾಗೊ, ಅಟ್ಲಾಂಟಾ ಮತ್ತು ಡೆಟ್ರಾಯಿಟ್ ನಗರಗಳಲ್ಲಿ ಪಂದ್ಯವಿಲ್ಲದಾಗಲೂ ಮನಬಂದಂತೆ ಅಲೆಯಬಹುದು ಎಂಬುದೇ ಇದರ ಜೀವಾಳ. ಪಂದ್ಯದಲ್ಲಿಯೂ ದಾರಿಯ ಆಯ್ಕೆ ಬಹುಮಟ್ಟಿಗೆ ನಮ್ಮದೇ. ದಾರಿಯಲ್ಲಿ ಮುಟ್ಟಲೇಬೇಕಾದ ಗುರುತುಗಳಾದ ಚೆಕ್‌ಪಾಯಿಂಟ್‌ಗಳನ್ನು ಯಾವ ಕ್ರಮದಲ್ಲಾದರೂ ಮುಟ್ಟಬಹುದಾದ ಪಂದ್ಯಗಳಲ್ಲಂತೂ ವೇಗಕ್ಕಿಂತ ನಗರದ ಪರಿಚಯವೇ ಮೇಲುಗೈ ಸಾಧಿಸುತ್ತದೆ. ಯಾವ ಗಲ್ಲಿಯಿಂದ ಯಾವ ಹೆದ್ದಾರಿಗೆ ಬೀಳಬಹುದು ಎಂದು ತಿಳಿದವನು ಸಾಧಾರಣ ಕಾರಿನಲ್ಲಿಯೂ ಗೆಲ್ಲುತ್ತಾನೆ. ಇಷ್ಟು ವರ್ಷಗಳ ಬಳಿಕವೂ ಬೇಸರ ಬಾರದಿರುವುದು ಇದರಿಂದಲೇ. ಸಂಪಾಜೆ ಘಾಟಿಯಂಥ ಸಾಲು ತಿರುವುಗಳನ್ನು ಬಯಸುವವರಿಗೆ ಮಾತ್ರ ಇದು ರುಚಿಸಲಾರದು. ಇಲ್ಲಿರುವುದು ಹೆಚ್ಚಾಗಿ ನಗರದ ಅಡ್ಡರಸ್ತೆಗಳು, ಮೇಲ್ಸೇತುವೆಗಳು ಮತ್ತು ಎದುರಿನಿಂದ ನುಗ್ಗುವ ವಾಹನಗಳು.

ವಾಹನದ ವರ್ಗಕ್ಕೆ ತಕ್ಕಂತೆ ವಿಶೇಷ ಶಕ್ತಿಗಳಿವೆ. ‘ಝೋನ್’ ಕಾಲವನ್ನು ನಿಧಾನಗೊಳಿಸಿ ಕಷ್ಟದ ತಿರುವನ್ನು ಸುಲಭಗೊಳಿಸಿದರೆ, ‘ಆಗ್ರೊ’ ಭಾರಿ ಗಾಡಿಗಳಿಗೆ ಅಡ್ಡ ಬಂದದ್ದನ್ನೆಲ್ಲ ತಳ್ಳಿಕೊಂಡು ಹೋಗುವ ಬಲ ಕೊಡುತ್ತದೆ. ‘ರೋರ್’ ಎಂಜಿನ್ನಿನ ಗರ್ಜನೆಯಿಂದಲೇ ಎದುರಿನ ವಾಹನಗಳನ್ನು ಚದರಿಸುತ್ತದೆ. ಜೀಪು ಓಡಿಸಿಯೇ ಬೆಳೆದ ನಮ್ಮ ಕಡೆಯ ಹುಡುಗರು ಮೊದಲು ಕೈ ಹಾಕುವುದು ಆಗ್ರೊಗೇ, ಆದರೆ ಗೆಲ್ಲಿಸುವುದು ಝೋನ್ ಎಂಬುದು ನನ್ನ ಅಭಿಪ್ರಾಯ.

ಲೋಡಿಂಗ್‌ಗಾಗಿ ಕಾಯಬೇಕಾದ ಹೊತ್ತು ಬಿಡುಗಡೆಯ ಕಾಲದಿಂದಲೂ ಈ ಆವೃತ್ತಿಯ ಮೇಲಿರುವ ದೊಡ್ಡ ದೂರು, ಮತ್ತು ಅದು ನ್ಯಾಯವಾದ ದೂರು. ಯುಎಂಡಿ ಎಂಬ ಪುಟ್ಟ ಡಿಸ್ಕಿನಿಂದ ಇಡೀ ನಗರದ ಮಾಹಿತಿಯನ್ನು ಓದಿ ಮೆಮೊರಿಗೆ ತುಂಬಬೇಕು. ಮೊದಲ ಮಾದರಿಯಾದ ಪಿಎಸ್‌ಪಿ-1000ದಲ್ಲಿ ಇರುವುದು 32 ಎಂಬಿ ಮಾತ್ರ. ಪಿಎಸ್‌ಪಿ-2000 ಮತ್ತು 3000 ಮಾದರಿಗಳಲ್ಲಿ ಅದು 64 ಎಂಬಿಗೆ ಏರಿದ್ದು, ಹೆಚ್ಚುವರಿಯಾಗಿ ಸಿಕ್ಕ ಭಾಗವನ್ನು ಡಿಸ್ಕಿನ ಮಾಹಿತಿಯನ್ನು ಮುಂಚಿತವಾಗಿ ಓದಿಡಲು ಬಳಸುವುದರಿಂದ ಕಾಯುವಿಕೆ ಒಂದಿಷ್ಟು ತಗ್ಗುತ್ತದೆ. ಆಟವನ್ನು ನಿಲ್ಲಿಸುವಾಗ ಯಂತ್ರವನ್ನು ಪೂರ್ತಿ ಆರಿಸದೆ, ಬಲಬದಿಯ ಸ್ವಿಚ್ಚನ್ನು ಒಮ್ಮೆ ಮೇಲಕ್ಕೆ ತಳ್ಳಿ ಸ್ಲೀಪ್ ಸ್ಥಿತಿಯಲ್ಲಿಟ್ಟರೆ ಮರುದಿನ ನಿಂತಲ್ಲಿಂದಲೇ ಮುಂದುವರಿಯಬಹುದು.

ಪಿಎಸ್‌ಪಿಯ ಗುಂಡಿಗಳು ಒತ್ತಿದ ಬಲವನ್ನು ಅರಿಯುವುದಿಲ್ಲವಾದ್ದರಿಂದ ಅರ್ಧ ಆಕ್ಸಿಲರೇಟರ್ ಎಂಬುದಿಲ್ಲ. ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತುವ ಅಭ್ಯಾಸ ಬೇಕು. 4.3 ಇಂಚಿನ ಪರದೆ ಇಂದಿಗೂ ಕಣ್ಣಿಗೆ ಹಿತ.

ಕೊಡಗಿನಲ್ಲಿ ಕೊಳ್ಳುವವರಿಗೆ ಮುಖ್ಯವಾದದ್ದು ತೇವ. ಯುಎಂಡಿಯ ಪ್ಲಾಸ್ಟಿಕ್ ಕವಚದ ಹಿಂಬದಿಯಲ್ಲಿ ಲೆನ್ಸ್ ಓದುವುದಕ್ಕೆಂದು ತೆರೆದ ಕಿಂಡಿಯಿದ್ದು, ಮಳೆಗಾಲದಲ್ಲಿ ಅಲ್ಲಿಂದಲೇ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಚೀಲಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡುವುದು ಒಳ್ಳೆಯದು. ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ಯಂತ್ರಗಳೇ ಆದ್ದರಿಂದ ಹಣ ಕೊಡುವ ಮುನ್ನ ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯೇ ನೋಡಿ, ಡಿಸ್ಕ್ ಹಾಕಿಸಿ ಒಂದು ಪಂದ್ಯವನ್ನಾದರೂ ಪೂರ್ತಿ ಆಡಿ, ಮೆಮೊರಿ ಸ್ಟಿಕ್ಕಿನಲ್ಲಿ ಸೇವ್ ಆಗುತ್ತದೆಯೇ ಎಂದು ಅಲ್ಲಿಯೇ ಪರೀಕ್ಷಿಸಿಕೊಳ್ಳಿ.