ಕಾಯಿಲೆ ಹಾರರ್ ನೋಡುವವರಿಗೆ ಒಂದು 2.1 ಸೌಂಡ್‌ಬಾರ್ ರಿವ್ಯೂ

ಮೊದ್ಲೇ ಹೇಳ್ತೇನೆ, ಡಿಜೆ ಹಾಡು ಹಾಕಿ ಗೋಡೆ ನಡುಗಿಸುವವರಿಗೆ ಈ ರಿವ್ಯೂ ಉಪಯೋಗ ಇಲ್ಲ. ನಾನು ನೋಡುದು ಹಾರರ್, ಅದರಲ್ಲೂ ಕಾಯಿಲೆ ಎಂತದು ಅಂತ ಡಾಕ್ಟರಿಗೇ ಗೊತ್ತಾಗದ ಟೈಪಿನದ್ದು. ಟೆಸ್ಟ್ ಮೇಲೆ ಟೆಸ್ಟ್, ರಿಪೋರ್ಟೆಲ್ಲ ನಾರ್ಮಲ್, ಮಂಚದಲ್ಲಿ ಮಲಗಿದವಳು ಮಾತ್ರ ನಾರ್ಮಲ್ ಇಲ್ಲ. ಇದಕ್ಕೆ ಟಿವಿಯ ಸ್ಪೀಕರ್ ಸಾಕಾಗುದಿಲ್ಲ ಅಂತ ಕಾಸರಗೋಡು ಪೇಟೆಯಿಂದ ಸೌಂಡ್‌ಬಾರ್ ತಂದದ್ದು, ಉದ್ದದ ಸ್ಪೀಕರ್ ಬಾರ್ ಒಂದು, ಬೇಸಿಗೆ ಅಂತ ವೈರ್‌ಲೆಸ್ ಸಬ್‌ವೂಫರ್ ಒಂದು (2.1ರ ಆ ‘.1’ ಇದೇ), ಹತ್ತು ಸಾವಿರದ ಒಳಗೆ. ಕಂಪೆನಿ ಹೆಸರು ಬೇಡ, ದೂರು ಹೇಳ್ಲಿಕ್ಕೂ ಉಂಟು ಮತ್ತೆ.

ಫಸ್ಟ್ ಹಾಕಿದ್ದು ‘ದಿ ಎಕ್ಸಾರ್ಸಿಸ್ಟ್’, 1973ರದ್ದು. ಎಲ್ರೂ ತಲೆ ತಿರುಗುವ ಸೀನೇ ಹೇಳುದು, ನನ್ನ ಕೇಳಿದ್ರೆ ಆ ಸಿನಿಮಾದ ನಿಜವಾದ ಹೆದರಿಕೆ ಇರುದು ಆಸ್ಪತ್ರೆಯಲ್ಲಿ. ಹುಡುಗಿಯ ಕುತ್ತಿಗೆಗೆ ಸೂಜಿ ಚುಚ್ಚಿ, ರಕ್ತನಾಳಕ್ಕೆ ಡೈ ಬಿಟ್ಟು ಮೆದುಳಿನ ಎಕ್ಸ್‌ರೇ ತೆಗೀತಾರಲ್ಲ, ಆಂಜಿಯೋಗ್ರಾಮ್, ಅದು. ಆಗ ಸಿಟಿ ಸ್ಕ್ಯಾನ್ ಅಂದ್ರೆ ಇನ್ನೂ ಹೊಸತು, ರೋಗಿಯ ತಲೆಯ ಮೊದಲ ಸಿಟಿ ತೆಗ್ದದ್ದೇ 1971ರಲ್ಲಿ ಲಂಡನಿನಲ್ಲಿ, ಹಾಗಾಗಿ ಮೆದುಳಿನಲ್ಲಿ ಏನಾದ್ರೂ ಉಂಟಾ ನೋಡ್ಬೇಕಾದ್ರೆ ಸೂಜಿಯೇ ಗತಿ. ಆ ಮಿಷಿನಿನ ಶಬ್ದ ಟಿವಿ ಸ್ಪೀಕರಿನಲ್ಲಿ ಖಾಲಿ ಡಬ್ಬ ಬಡಿದ ಹಾಗೆ ಕೇಳ್ತಿತ್ತು, ಇದರಲ್ಲಿ ಲೋಹದ ಏಟು ಬೇರೆ, ಅದರ ಹಿಂದೆ ಬರುವ ಅದುರು ಬೇರೆ, ಎರಡೂ ಬಿಡಿಬಿಡಿಯಾಗಿ ಸಿಗ್ತದೆ. ಸುಮ್ನೆ ಅಲ್ಲ ಆ ಸಿನಿಮಾಕ್ಕೆ ಸೌಂಡಿಗೂ ಆಸ್ಕರ್ ಬಂದದ್ದು. ಅಕ್ಕ ನರ್ಸು, ದೆವ್ವ ಮಾತಾಡುವಾಗ ನೆಗಾಡ್ತಾ ಕೂತವಳು ಈ ಸೀನಿನಲ್ಲಿ “ಸೌಂಡ್ ಕಮ್ಮಿ ಮಾಡು ಮಾರಾಯ” ಅಂದ್ಲು. ಅಲ್ಲಿಗೆ ದುಡ್ಡು ಅರ್ಧ ವಸೂಲ್.

(ಟೆಸ್ಟೆಲ್ಲ ಮುಗಿದ ಮೇಲೆ ಆ ಸಿನಿಮಾದ ಡಾಕ್ಟರುಗಳೇ ಭೂತ ಬಿಡಿಸುವ ಪಾದ್ರಿಯನ್ನು ನೋಡಿ ಅಂತ ತಾಯಿಗೆ ಹೇಳುದು. ಅಮೆರಿಕದವರಿಗೆ ಅದು ಶಾಕ್ ಇರ್ಬಹುದು. ನಮ್ಮಲ್ಲಿ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ ಎಂತದೂ ಇಲ್ಲ ಅಂತ ಬಂದ್ರೆ, ವಾಪಸ್ ಬರುವ ಬಸ್ಸಿನಲ್ಲೇ ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಮಾತು ಶುರು ಆಗ್ತದೆ, ಅದಕ್ಕೆ ಡಾಕ್ಟರು ಹೇಳ್ಬೇಕಂತ ಇಲ್ಲ.)

ಆಮೇಲೆ ‘ಭೂತಕಾಲಂ’, 2022ರ ಮಲಯಾಳಂ, ರಾಹುಲ್ ಸದಾಶಿವನ್ ಡೈರೆಕ್ಷನ್. ಡಿಪ್ರೆಶನ್ ಇರುವ ಅಮ್ಮ ರೇವತಿ, ಫಾರ್ಮಸಿ ಓದಿ ಕೆಲಸ ಸಿಗದ ಮಗ ಶೇನ್ ನಿಗಮ್. ಮಗನಿಗೆ ರಾತ್ರಿ ಏನೇನೋ ಕೇಳ್ತದೆ, ಮನೆಯವರಿಗೆಲ್ಲ ಇವನಿಗೆ ತಲೆ ಸರಿ ಇಲ್ಲ ಅಂತಲೇ, ಕೌನ್ಸೆಲಿಂಗೂ ಆಗ್ತದೆ. ಈಗ ಕೇಳಿಸಿದ್ದು ಮನೆಯೊಳಗಾ ಅವನ ತಲೆಯೊಳಗಾ ಅಂತ ನಮಗೂ ಡೌಟು ಬರ್ಬೇಕಲ್ಲ, ಅದು ಬರುದು ಸಣ್ಣ ಸಣ್ಣ ಶಬ್ದದಿಂದ. ಈ ಬಾರಿನಲ್ಲಿ ವಾಯ್ಸ್ ಮೋಡ್ ಅಂತ ಒಂದು ಬಟನ್ ಉಂಟು, ಒತ್ತಿದ್ರೆ ಮಾತು ಚಂದ ಮುಂದೆ ಬರ್ತದೆ, ಆದ್ರೆ ಹಿಂದಿನ ಸಣ್ಣ ಶಬ್ದ ಎಲ್ಲ ಸತ್ತೇ ಹೋಗ್ತದೆ. ನೈಟ್ ಮೋಡ್ ಇನ್ನೂ ದಂಡ, ದೊಡ್ಡ ಶಬ್ದ ಸಣ್ಣದು ಮಾಡಿ ಸಣ್ಣದ್ದನ್ನು ದೊಡ್ಡದು ಮಾಡಿ ಎಲ್ಲ ಒಂದೇ ಲೆವೆಲ್ಲಿಗೆ ತರ್ತದೆ, ಮಗು ಮಲಗಿದ ಮನೆಗೆ ಒಳ್ಳೇದೇ, ಹಾರರ್ ಮಾತ್ರ ನ್ಯೂಸ್ ಚಾನೆಲ್ ಆಗಿಬಿಡ್ತದೆ. ಎರಡೂ ಆಫ್ ಮಾಡಿ ವಾಲ್ಯೂಮ್ ಸ್ವಲ್ಪ ಏರಿಸಿ ನೋಡಿ. ನಡುವೆ ಅಮ್ಮ ಅಡುಗೆಕೋಣೆಯಿಂದ “ಯಾರು ಬಾಗಿಲು ತಟ್ಟಿದ್ದು?” ಅಂತ ಬಂದ್ರು, ಬಾರಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನು ಕೊಡ್ಲಿಕ್ಕಿಲ್ಲ.

ಟ್ರೆಬಲ್ಲಿಗೆ, ಅಂದ್ರೆ ತೆಳು ಚೂಪು ಶಬ್ದಕ್ಕೆ, ‘ಆಪ್ತಮಿತ್ರ’ ಹಾಕಿದೆ. ನಮ್ಮ ಗಡಿಯವರಿಗೆ ಅದರ ಮೂಲ, ಮಲಯಾಳಂನ ‘ಮಣಿಚಿತ್ರತಾಳ್’ 1993ರದ್ದೂ ಬಾಯಿಪಾಠ, 2004ರ ಕನ್ನಡದ್ದೂ ಬಾಯಿಪಾಠ, ಯಾವುದು ಮೇಲು ಅಂತ ಮದುವೆ ಊಟದಲ್ಲೂ ಜಗಳ ಆಗ್ತದೆ. ಶೋಭನಾಗೆ ನ್ಯಾಷನಲ್ ಅವಾರ್ಡ್ ಬಂತು ಸರಿ, ಸೌಂದರ್ಯಳ ಕಣ್ಣು ನೋಡಿದವರು ಅಷ್ಟು ಸುಲಭಕ್ಕೆ ಬಿಟ್ಟುಕೊಡುದಿಲ್ಲ, ಪಾಪ ಆ ಸಿನಿಮಾ ರಿಲೀಸ್ ಆಗುವಾಗ ಅವಳೇ ಇರ್ಲಿಲ್ಲ. ನನಗೆ ಎರಡೂ ಇಷ್ಟ ಆಗುದು ದೆವ್ವಕ್ಕಿಂತ ಡಾಕ್ಟರಿಂದ, ಬೇರೆಯವರು ಮಂತ್ರವಾದಿಯನ್ನು ಹುಡುಕುವಾಗ ಇವ ಡಿಟೆಕ್ಟಿವ್ ಲೆಕ್ಕ ಕೂತು ನೋಡಿ ನೋಡಿ ಕಾಯಿಲೆ ಹಿಡೀತಾನೆ. ಗೆಜ್ಜೆ ಶಬ್ದ ಈ ಬಾರಿನಲ್ಲಿ ಕ್ಲಿಯರ್ ಬರ್ತದೆ, ಆದ್ರೆ ವಾಲ್ಯೂಮ್ ಮುಕ್ಕಾಲು ದಾಟಿದ್ರೆ ಕಿವಿಗೆ ಚುಚ್ಚುತ್ತದೆ.

ಇನ್ನು ಸಬ್‌ವೂಫರ್. ಶೋರೂಮಿನವ ಇದನ್ನೇ ತೋರಿಸಿ ಮಾರುದು, ನನಗೆ ಅತಿ ಕಮ್ಮಿ ಬೇಕಾದದ್ದೂ ಇದೇ. ಈಗಿನ ಸಿನಿಮಾದಲ್ಲಿ ಎಂಆರ್‌ಐ ಸೀನ್ ಬಂದ ಕೂಡ್ಲೆ ಕೆಳಗಿಂದ ಒಂದು ಗುಂಯ್ ಅಂತ ಬೇಸ್ ಸೇರಿಸಿರ್ತಾರೆ. ನಿಜದ ಎಂಆರ್‌ಐಯಲ್ಲಿ ಹೆಚ್ಚಾಗಿ ಕೇಳುದು ಟಕಟಕ ಟಕಟಕ, ಆಯಸ್ಕಾಂತದ ಒಳಗೆ ಕಾಯಿಲ್‌ಗಳು ಅದುರಿ ಬರುವ ಶಬ್ದ, 100 ಡೆಸಿಬೆಲ್ ದಾಟುದೂ ಉಂಟು, ಅದಕ್ಕೇ ಕಿವಿಗೆ ಇಡ್ಲಿಕ್ಕೆ ಕೊಡುದು. ಒಳಗೆ ಮಲಗಿದವರಿಗೆ ಗೊತ್ತು ಅದರಲ್ಲಿ ಸಿನಿಮಾದ ಹಾಗಿನ ಬೇಸ್ ಗುಂಯ್ ಇಲ್ಲ. ಮೂಲೆಯಲ್ಲಿಟ್ರೆ ಈ ಸಬ್ ಇನ್ನೂ ಗುಂಯ್‌ಗುಡ್ತದೆ, ಮೂಲೆಯಿಂದ ಎಳೆದು ಸೋಫಾದ ಪಕ್ಕಕ್ಕೆ ತಂದು, ಬೇಸ್ ಕಮ್ಮಿ ಮಾಡಿದ ಮೇಲೆ ಡಾಕ್ಟರು ರಿಪೋರ್ಟ್ ಹಿಡ್ಕೊಂಡು ಸುಮ್ಮನಾಗ್ತಾರಲ್ಲ, ಆ ಸುಮ್ಮನಾಗುದೂ ಸರಿಯಾಗಿ ಕೇಳ್ಲಿಕ್ಕೆ ಶುರುವಾಯ್ತು.

ದೂರು ಏನೆಂದ್ರೆ, ಕರೆಂಟು ಹೋಗಿ ಬಂದ್ರೆ ಸಬ್ ಬಾರಿಗೆ ತಾನಾಗಿ ಕನೆಕ್ಟ್ ಆಗುದಿಲ್ಲ, ಎದ್ದು ಹೋಗಿ ಹಿಂದಿನ ಬಟನ್ ಒತ್ಬೇಕು, ಮಳೆಗಾಲದಲ್ಲಿ ಇದು ದಿನಾ ವ್ಯಾಯಾಮ. ಬ್ಲೂಟೂತಿನಲ್ಲಿ ತುಟಿ ಮೊದಲು ಮಾತು ಆಮೇಲೆ, ಟಿವಿಯ ಎಚ್‌ಡಿಎಂಐ ಎಆರ್‌ಸಿ ಅನ್ನುವ ತೂತಿಗೆ ಕೇಬಲ್ ಹಾಕಿದ್ರೆ ಸರಿ ಆಗ್ತದೆ, ಕೇಬಲ್ ಬಾಕ್ಸಿನಲ್ಲಿಲ್ಲ, ಬೇರೆ ತೆಗೊಳ್ಬೇಕು. ಬಾರಿನಲ್ಲಿ ಡಿಸ್‌ಪ್ಲೇಯೂ ಇಲ್ಲ, ಬಣ್ಣದ ಲೈಟು ನೋಡಿ ಯಾವ ಮೋಡ್ ಅಂತ ನಾವೇ ಡಯಾಗ್ನೋಸ್ ಮಾಡ್ಬೇಕು. ಶೀಟ್ ಹಾಕಿದ ಮನೆಯವರು ಜೂನ್ ಜುಲೈಯಲ್ಲಿ ಇದರ ಆಸೆಯೇ ಬಿಡಿ, ಆ ಮಳೆಗೆ ಯಾವ ಬಾರೂ ಸಾಲ್ದು, ಹೆಡ್‌ಫೋನೇ ಸೈ.

ತೆಗೊಳ್ಳುವವರು ಅಂಗಡಿಯಲ್ಲಿ ಡೆಮೋ ಹಾಡು ಕೇಳಿ ಮರುಳಾಗ್ಬೇಡಿ, ಮೊಬೈಲಿನಿಂದ ಇಬ್ರು ಮೆಲ್ಲ ಮಾತಾಡುವ ಒಂದು ಸೀನ್ ಹಾಕಿಸಿ. ಅಂಗಡಿಯವನ ಮುಖ ಹುಳಿಯಾದ್ರೂ ಆಗ್ಲಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ, ಡಿಸ್‌ಪ್ಲೇ ಇಟ್ಟಿದ್ರೆ ನಾಲ್ಕು ಕೊಡ್ತಿದ್ದೆ.